ಬ್ರೌಸರಿನ ಅಟ್ಟ ಗುಡಿಸಿದ ಕಾಲ

ಖಾಸಗಿ ಕಚೇರಿಯಲ್ಲಿ ದುಡಿದವರ ಬಳಿಗೆ ನಿವೃತ್ತಿ ತಾನಾಗಿ ಬರುವುದಿಲ್ಲ, ನಾವೇ ಹೋಗಿ ಕರೆದುಕೊಂಡು ಬರಬೇಕು. ಕನ್ನಡಕ ಹಾಕಿಕೊಂಡರೂ ಪರದೆಯ ಮೇಲೆ ಚುಕ್ಕಿ ಯಾವುದು, ಅಲ್ಪವಿರಾಮ ಯಾವುದು ಎಂದು ಗೊತ್ತಾಗದೆ ಒಂದು ಬೆಳಗ್ಗೆಯನ್ನೇ ಹಾಳು ಮಾಡಿಕೊಂಡ ದಿನ ನಾನೂ ಹೋಗಿ ಕರೆತಂದೆ. ಮಂಡ್ಯದ ಒಂದು ಸಣ್ಣ ಕಚೇರಿಯಲ್ಲಿ ಜೀವಮಾನವೆಲ್ಲ ವೆಬ್ ಪೇಜು ಬರೆದವಳು ನಾನು, ಸುಮಿತ್ರಾ. ಬೀಳ್ಕೊಡುವಾಗ ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಮನೆಗೆ ಬರುವಷ್ಟರಲ್ಲಿ ನಿಂತುಹೋಗಿತ್ತು. ಅದಕ್ಕೂ ನಿವೃತ್ತಿ ಬೇಕಿತ್ತೇನೋ.

ಈಗಲೂ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನಗೆ ಫೋನು ಮಾಡುತ್ತಾರೆ. “ಮೇಡಂ, ಪೇಜು ಶುರುವಿನಲ್ಲಿ ಚೆನ್ನಾಗಿ ಓಡುತ್ತೆ, ಆಮೇಲೆ ಎಳೆಯೋಕೆ ಶುರು ಮಾಡುತ್ತೆ, ಯಾಕೆ?” ಎನ್ನುತ್ತಾರೆ. ಅವರು ಕಾಲೇಜಿನಲ್ಲಿ ನನಗಿಂತ ಹೆಚ್ಚು ಓದಿದವರು. ಆದರೆ ಬರೆದ ಪೇಜು ಬೆಳಗ್ಗೆಯಿಂದ ಸಂಜೆಯತನಕ ಬದುಕಬೇಕು ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ. ಅವರಿಗಾಗಿ ಇಷ್ಟು ಬರೆದಿಡುತ್ತಿದ್ದೇನೆ. ನನ್ನ ಸಂಬಳ ಯಾವಾಗ ಏರಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದನ್ನೆಲ್ಲ ಬಿಡುತ್ತೇನೆ. ಕುರ್ಚಿಯಂತೂ ಕೊನೆಯತನಕ ಅದೇ ಇತ್ತು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೇಜು ಪರದೆಯ ಮೇಲೆ ಏನು ತೋರಿಸಿದರೂ, ಒಂದು ಸಾಲಾಗಲಿ ಒಂದು ಫೋಟೊ ಆಗಲಿ, ಅದಕ್ಕೆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಬೇಕು. ಕೆಲಸ ಮುಗಿದ ಮೇಲೆ ಆ ಜಾಗವನ್ನು ನಾವು ಖಾಲಿ ಮಾಡುವುದಿಲ್ಲ, ಬ್ರೌಸರೇ ಆಗಾಗ ಬಂದು ಗುಡಿಸಿಕೊಂಡು ಹೋಗುತ್ತದೆ. ಗಾರ್ಬೇಜ್ ಕಲೆಕ್ಷನ್ ಎಂದು ಅದಕ್ಕೆ ದೊಡ್ಡ ಹೆಸರಿದೆ, ನಮ್ಮ ಕಚೇರಿಯಲ್ಲಿ ಕಸ ಗುಡಿಸೋಳು ಎನ್ನುತ್ತಿದ್ದೆವು. ಈ ಗುಡಿಸೋಳಿಗೆ ಇರುವುದು ಒಂದೇ ಕಟ್ಟಳೆ. ಯಾವ ವಸ್ತುವನ್ನು ಪೇಜಿನ ಬೇರೆ ಯಾವುದಾದರೂ ಭಾಗ ಇನ್ನೂ ಹಿಡಿದುಕೊಂಡಿದೆಯೋ ಅದನ್ನು ಆಕೆ ಮುಟ್ಟುವುದಿಲ್ಲ. ಅದು ಬೇಕೋ ಬೇಡವೋ ಎಂದು ವಿಚಾರಿಸುವುದೂ ಇಲ್ಲ.

ಇನ್ನು ನಮ್ಮ ಕಚೇರಿಯ ಯಜಮಾನರು ಬೋರೇಗೌಡರು. ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು, ಕಾಲ ಬದಲಾದಾಗ ಟೈಪ್‌ರೈಟರುಗಳನ್ನು ಅಟ್ಟಕ್ಕೆ ಹಾಕಿ ಕಂಪ್ಯೂಟರು ತಂದರು. ನಮ್ಮ ಕಚೇರಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೌಡರು ಸಿಡುಕರಲ್ಲ, ಜಿಪುಣರೂ ಅಲ್ಲ. ಆದರೆ ಏನನ್ನೂ ಎಸೆಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಸುಟ್ಟ ಫ್ಯಾನು, ಒಡೆದ ಬಾಗಿಲಿನ ಚಿಲಕ, ಕಂಪ್ಯೂಟರು ಬಂದ ರಟ್ಟಿನ ಡಬ್ಬ, ಎಲ್ಲವೂ ಅಟ್ಟಕ್ಕೆ. “ಇರ್ಲಿ ಬುಡು, ಯಾವತ್ತಾರ ಬೇಕಾಯ್ತದೆ” ಎಂಬುದು ಅವರ ಮಂತ್ರ. ಒಂದು ಸಲ ಕಕ್ಕಸಿನ ಬಾಗಿಲಿನ ಚಿಲಕ ಮುರಿದು ನಾನು ಒಳಗೇ ಸಿಕ್ಕಿಕೊಂಡಿದ್ದೆ. ಬಾಗಿಲು ಒಡೆಸಿದ ಮೇಲೆ ಅಟ್ಟದಲ್ಲಿದ್ದ ಹಳೇ ಚಿಲಕವೇ ಅಲ್ಲಿಗೆ ಸರಿಯಾಗಿ ಕೂತಿತು. ಅಂದಿನಿಂದ ಅವರ ಎದುರು ಮಾತಾಡುವ ಹಕ್ಕನ್ನು ನಾನು ಕಳೆದುಕೊಂಡೆ.

ಈ ಮಂತ್ರ ನಾವು ಬರೆಯುವ ಕೋಡಿಗೂ ಇಳಿಯಿತು. ಪರದೆಯಿಂದ ತೆಗೆದ ಸಾಲನ್ನಾಗಲಿ ಚಿತ್ರವನ್ನಾಗಲಿ ಅಲ್ಲಿಗೇ ಬಿಡುವಂತಿರಲಿಲ್ಲ, ಒಂದು ಕಡೆ ಸೇರಿಸಿ ಇಡಬೇಕಿತ್ತು. ನನ್ನ ಜೊತೆ ಕೂತು ಕೋಡು ಬರೆಯುತ್ತಿದ್ದ ಮಹೇಶ ಅದಕ್ಕೊಂದು ಪೆಟ್ಟಿಗೆ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ‘ಇರ್ಲಿ’ ಎಂದೇ ಹೆಸರಿಟ್ಟ. ನಮ್ಮ ಎಲ್ಲ ಪೇಜಿನಲ್ಲೂ ಇರ್ಲಿ ಇರುತ್ತಿತ್ತು. ಪ್ರಪಂಚದ ಬೇರೆ ಯಾವ ಕಚೇರಿಯಲ್ಲೂ ಇಂಥ ಪೆಟ್ಟಿಗೆ ಇದ್ದಿರಲಾರದು. ಇದ್ದರೂ ಅದರ ಯಜಮಾನ ನಮ್ಮ ಕಡೆಯವನೇ ಆಗಿರಬೇಕು.

ಶುರುವಿನ ಕಾಲದಲ್ಲಿ ಗುಡಿಸೋಳೂ ಈಗಿನಷ್ಟು ಜಾಣೆಯಾಗಿರಲಿಲ್ಲ. ಇರ್ಲಿ ಇನ್ನೂ ಹುಟ್ಟುವ ಮೊದಲು ಮದ್ದೂರಿನ ಒಬ್ಬ ಫೋಟೊಗ್ರಾಫರಿಗೆ ಮದುವೆ ಆಲ್ಬಮ್ಮಿನ ಪೇಜು ಮಾಡಿಕೊಟ್ಟಿದ್ದೆವು. ಪರದೆಯ ಮೇಲಿನ ಗುಂಡಿ ಒತ್ತಿದರೆ ಒಂದು ಫೋಟೊ ಹೋಗಿ ಇನ್ನೊಂದು ಬರಬೇಕು. ಧಾರೆಯತನಕ ಚೆನ್ನಾಗಿ ಬರುತ್ತಿತ್ತು, ಊಟದ ಪಂಕ್ತಿ ಬರುವ ಹೊತ್ತಿಗೆ ತೆವಳುತ್ತಿತ್ತು. ಆತ ಮಂಡ್ಯಕ್ಕೇ ಬಂದು, “ಏನ್ ಮೇಡಂ, ನಿಮ್ ಪೇಜು ಹಾಕುದ್ರೆ ನಮ್ ಕಂಪ್ಯೂಟ್ರು ತುಂಬುದ್ ಬಸ್ರಿ ನಡ್ದಂಗೆ ನಡೀತದೆ” ಎಂದ. ಆ ಕಾಲದ ಬ್ರೌಸರು ಒಂದು ವಸ್ತುವನ್ನು ಎಷ್ಟು ಜನ ಹಿಡಿದಿದ್ದಾರೆ ಎಂದು ಎಣಿಸುತ್ತಿತ್ತು, ಯಾರೂ ಇಲ್ಲವೆಂದಾದರೆ ಮಾತ್ರ ಗುಡಿಸುತ್ತಿತ್ತು. ನಮ್ಮ ಪೇಜಿನಲ್ಲಿ ಫೋಟೊ ಗುಂಡಿಯನ್ನು ಹಿಡಿದಿತ್ತು, ಗುಂಡಿ ಫೋಟೊವನ್ನು ಹಿಡಿದಿತ್ತು. ಹೋಟೆಲಿನಲ್ಲಿ ಕಾಫಿ ಮುಗಿಸಿದ ಇಬ್ಬರು, ಅವನು ಏಳಲಿ ಎಂದು ಇವನು, ಇವನು ಏಳಲಿ ಎಂದು ಅವನು ಕೂತಂತೆ. ಟೇಬಲ್ಲು ಖಾಲಿಯಾಗುವುದು ಯಾವಾಗ? ಮುಂದೆ ಬಂದ ಬ್ರೌಸರುಗಳು ಎಣಿಕೆಯನ್ನು ಬಿಟ್ಟು, ಪೇಜಿನ ಬುಡದಿಂದ ಹುಡುಕುತ್ತಾ ಬಂದು, ಕೈಗೆ ಎಟುಕದ್ದನ್ನೆಲ್ಲ ಗುಡಿಸುವುದನ್ನು ಕಲಿತವು. ಆ ಇಬ್ಬರು ಸೋಮಾರಿಗಳು ಒಟ್ಟಿಗೇ ಬೀದಿಗೆ ಬಿದ್ದರು. ಆದರೆ ಇರ್ಲಿ ಪೆಟ್ಟಿಗೆ ಪೇಜಿನ ಬುಡಕ್ಕೇ ಕಟ್ಟಿಕೊಂಡಿದ್ದರಿಂದ ಎಂಥ ಜಾಣೆ ಬಂದರೂ ಅದರ ತಂಟೆಗೆ ಹೋಗುವಂತಿರಲಿಲ್ಲ.

ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ, ಮಳವಳ್ಳಿಯ ನಾಗರತ್ನನಿಗೆ ಆಗುವತನಕ.

ಮಳವಳ್ಳಿಯಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಜಾಗಕ್ಕೆ ಬಸ್ ಮಾಲೀಕರ ಸಂಘದವರು ಒಂದು ದೊಡ್ಡ ಪರದೆ ಹಾಕಿಸಿದರು. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ತೋರಿಸುವ ಪೇಜು ನಮ್ಮದು. ಮಾಲೀಕರಿಗೆ ಹೆಸರು ಮಾತ್ರ ಬಂದರೆ ಸಾಲದು, ಬಸ್ಸಿನ ಫೋಟೊವೂ ಬೇಕು, ಅದೂ ಹೂವಿನ ಹಾರ ಹಾಕಿ ನಿಂಬೆಹಣ್ಣು ಕಟ್ಟಿದ ಫೋಟೊ. ಪೇಜು ಕೆಲವು ಸೆಕೆಂಡಿಗೊಮ್ಮೆ ಹಳೇ ಸಾಲುಗಳನ್ನೆಲ್ಲ ತೆಗೆದು, ಹೊಸದಾಗಿ ಪಟ್ಟಿ ತರಿಸಿ ಫೋಟೊ ಸಮೇತ ಜೋಡಿಸುತ್ತಿತ್ತು. ತೆಗೆದದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆ ಪರದೆಗೆ ಸೇರಿದ ಕಂಪ್ಯೂಟರಿನ ಮುಂದೆ ಕೂತು, ಮೈಕಿನಲ್ಲಿ ಬಸ್ಸು ಕೂಗುವ ಕೆಲಸ ನಾಗರತ್ನನದು. ಎತ್ತರದ ಗಂಟಲು, ಗಂಟೆ ಬಾರಿಸಿದಂಥ ದನಿ. ಮೈಕು ಹಿಡಿದರೆ “ಪ್ರಯಾಣಿಕರು ದಯವಿಟ್ಟು ಗಮನಿಸಬೇಕು” ಎಂದು ಪುಸ್ತಕದ ಕನ್ನಡ, ಇಳಿಸಿದರೆ ಅಪ್ಪಟ ಮಳವಳ್ಳಿ. ಮೊದಲ ಸಲ ಭೇಟಿಯಾದಾಗ ನನಗೆ ಹೇಳಿದ್ದಳು: “ಮನೇಲಿ ನಾ ಏನ್ ಏಳುದ್ರೂ ಯಾರೂ ಕೇಳಕ್ಕಿಲ್ಲ ಕಣಕ್ಕ. ಇಲ್ಲಿ ಒಂದ್ಸಲ ಕೂಗುದ್ರೆ ಊರೇ ತಿರುಗ್ತದೆ.”

ಪೇಜು ಬೆಳಗಿನ ಮೊದಲ ಬಸ್ಸಿನಿಂದ ಚೆನ್ನಾಗಿ ನಡೆದು, ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಹಳೇ ಕಂಪ್ಯೂಟರು, ಆರಿಸಿ ಹಚ್ಚಿದರೆ ಏಳುವುದಕ್ಕೆ ಯುಗ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಂದು ಬಸ್ಸಿನ ಜನ ಇನ್ನೊಂದಕ್ಕೆ ಹತ್ತಿ, ಮಾಲೀಕರ ನಡುವೆ ಜಗಳ. ಸಂಘದ ಅಧ್ಯಕ್ಷರು ಮೀಸೆಯ ಮೇಲೆ ಕೈಯಿಟ್ಟು ವಿಚಾರಣೆ ನಡೆಸಿ, ಊಟ ಮಾಡುತ್ತಾ ಕಂಪ್ಯೂಟರಿನಲ್ಲಿ ಧಾರಾವಾಹಿ ನೋಡುತ್ತಾಳೆ, ಅದಕ್ಕೇ ಕೆಡುತ್ತದೆ ಎಂದು ತೀರ್ಮಾನ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. “ಇನ್ನೊಂದ್ ದಪ ನಿಂತ್ರೆ ರೆಕಾರ್ಡು ಮಾಡಿರೋ ದನಿ ಆಕುಸ್ಬುಡ್ತೀನಿ ಕಣಮ್ಮ. ಆಮೇಲೆ ನೀನು ಮನೆಗೇ ಓಗಿ ಕೂಕ್ಕೊ” ಎಂದರಂತೆ.

ನಮ್ಮ ಕಚೇರಿಯಲ್ಲಿ ಪೇಜು ಒಂದು ದಿನವೂ ನಿಂತಿರಲಿಲ್ಲ. ನಿಲ್ಲುವುದಾದರೂ ಹೇಗೆ? ನಾವು ಒಂದು ಸಾಲು ಬರೆದರೆ ಒಮ್ಮೆ ಪೇಜನ್ನು ಹೊಸದಾಗಿ ತೆರೆಯುತ್ತಿದ್ದೆವು. ಹಾಗೆ ತೆರೆದಾಗೆಲ್ಲ ಹಿಂದಿನ ಕಸ ಪೂರಾ ಹೋಗಿಬಿಡುತ್ತದೆ. ನಮ್ಮ ಕೈಯಲ್ಲಿ ಯಾವ ಪೇಜೂ ಒಂದು ಕಾಫಿ ಕುಡಿಯುವಷ್ಟು ಹೊತ್ತು ಬದುಕಿದ್ದಿಲ್ಲ. ಹೊಸಬರು ಇದೊಂದನ್ನು ನೆನಪಿಟ್ಟುಕೊಳ್ಳಿ: ಪೇಜನ್ನು ಬರೆದವರು ಅದರ ಬೆಳಗ್ಗೆಯನ್ನು ಮಾತ್ರ ನೋಡಿರುತ್ತಾರೆ, ಮಧ್ಯಾಹ್ನ ನೋಡುವುದು ಬಳಸುವವರು.

ಬೋರೇಗೌಡರು ಸುಲಭದ ದಾರಿ ಹೇಳಿದರು. “ಮದ್ಯಾನ್ದೊತ್ಗೆ ತಾನಾಗೇ ಒಂದ್ಸಲ ಮುಚ್ಚಿ ತಗಿಯಂಗೆ ಮಾಡ್ಲಾ ಮಹೇಸ” ಎಂದರು. ಮಹೇಶ ಹಾಗೇ ಮಾಡಿದ. ಆದರೆ ಯಾವ ಬಸ್ಸು ದಾರಿಯಲ್ಲಿ ಕೆಟ್ಟಿದೆ, ಯಾವುದು ತಡ ಎಂದು ನಾಗರತ್ನ ಪೇಜಿನಲ್ಲಿ ಕೈಯಾರೆ ಬರೆಯುತ್ತಿದ್ದಳು. ಮುಚ್ಚಿ ತೆರೆದ ಕೂಡಲೇ ಅವಳು ಬರೆದದ್ದೆಲ್ಲ ಅಳಿಸಿಹೋಯಿತು. ಟೈರು ಬಿಚ್ಚಿಕೊಂಡು ಎಲ್ಲೋ ನಿಂತಿದ್ದ ಬಸ್ಸು ಪರದೆಯ ಮೇಲೆ ಹಾರ ಹಾಕಿಕೊಂಡು ಇನ್ನೇನು ಬರುತ್ತಿದೆ ಎಂದು ತೋರಿಸಿತು. ಜನ ಬಿಸಿಲಿನಲ್ಲಿ ಕಾದು ಕಾದು, ಕೊನೆಗೆ ನಾಗರತ್ನನ ಕಿಟಕಿಯ ಮುಂದೆ ಬಂದು ನಿಂತರು. ಆ ಉಪಾಯವನ್ನು ಅಂದೇ ತೆಗೆದುಹಾಕಿದೆವು. ಅಧ್ಯಕ್ಷರು ಮುಂದಿನ ಸಂತೆಯ ದಿನವೇ ಕಡೆಯ ಗಡುವು ಎಂದರು.

ಆ ಸಂಜೆ ಅವಳು ಫೋನು ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಅಕ್ಕ, ನಾ ಏನ್ ಮುಟ್ಟುದ್ರೆ ಅದು ನಿಂತೋಯ್ತದೆ ಅಂತ ಏಳ್ಬುಡು. ಮುಟ್ಟಕ್ಕಿಲ್ಲ” ಎಂದಳು. ಅವಳಿಗೇ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತ್ತು.

ಮರುದಿನ ಬೆಳಗಿನ ಬಸ್ಸಿಗೇ ಮಳವಳ್ಳಿಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಆ ಕಾಲಕ್ಕಾಗಲೇ ಬ್ರೌಸರಿನೊಳಗೇ ಮೆಮೊರಿ ಎಷ್ಟು ತುಂಬಿದೆ ಎಂದು ಗೆರೆ ಎಳೆದು ತೋರಿಸುವ ಸಾಧನ ಬಂದಿತ್ತು. ಹಿಂದೆ ನಮಗೆ ಈ ಭಾಗ್ಯ ಇರಲಿಲ್ಲ, ಕಂಪ್ಯೂಟರಿನ ಫ್ಯಾನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದೆವು. ಆರೋಗ್ಯವಾಗಿರುವ ಪೇಜಿನ ಗೆರೆ ಏರುತ್ತದೆ, ಗುಡಿಸಿದಾಗ ಇಳಿಯುತ್ತದೆ, ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ನಮ್ಮದು ಏರುತ್ತಿತ್ತು, ಒಂದಿಷ್ಟು ಇಳಿಯುತ್ತಿತ್ತು, ಆದರೆ ಇಳಿದ ಜಾಗ ಪ್ರತಿ ಸಲವೂ ಹಿಂದಿನದಕ್ಕಿಂತ ಮೇಲಿರುತ್ತಿತ್ತು. ನಾಗರತ್ನ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂತಿದ್ದಳು. ಗೆರೆ ಏರುತ್ತಲೇ ಇತ್ತು.

“ನೋಡು, ನೀನು ಮುಟ್ಟಿಲ್ಲ, ಆದರೂ ಏರ್ತಿದೆ. ಇದು ನಮ್ಮ ತಪ್ಪು ಕಣೇ, ನಿನ್ನದಲ್ಲ” ಎಂದೆ.

ಅವಳು ಗೆರೆಯನ್ನೇ ನೋಡುತ್ತಾ ಕೂತಳು. ಆಮೇಲೆ ಸೆರಗು ಬಿಡಿಸಿಕೊಂಡು, “ಅಂಗಾರೆ ಕಾಫಿ ತರುಸ್ತೀನಿ” ಎಂದಳು.

ಮೆಮೊರಿಯಲ್ಲಿ ಆ ಗಳಿಗೆಯಲ್ಲಿ ಏನೇನಿದೆ ಎಂದು ಬಿಚ್ಚಿ ನೋಡಿದರೆ, ಬೆಳಗ್ಗೆಯಿಂದ ಹೊರಟುಹೋದ ಬಸ್ಸುಗಳೆಲ್ಲ ಹಾರ, ನಿಂಬೆಹಣ್ಣು ಸಮೇತ ಅಲ್ಲೇ ಸಾಲಾಗಿ ನಿಂತಿವೆ. ಒಂದೇ ಬಸ್ಸಿನ ಫೋಟೊ ಲೆಕ್ಕವಿಲ್ಲದಷ್ಟು ಸಲ. ಎಲ್ಲವನ್ನೂ ಹಿಡಿದುಕೊಂಡಿರುವ ಹೆಸರು ಒಂದೇ: ಇರ್ಲಿ. ಸಂತೆಯ ದಿನ ಬಸ್ಸು ಹೆಚ್ಚು, ಆದ್ದರಿಂದ ಅವತ್ತು ಊಟದ ಹೊತ್ತಿಗೂ ಮೊದಲೇ ನಿಲ್ಲುವುದು ಖಂಡಿತ ಎಂದು ನನಗೆ ಗೊತ್ತಾಯಿತು. ಪುಣ್ಯಕ್ಕೆ ಸಂತೆಗೆ ಇನ್ನೂ ಸಮಯವಿತ್ತು.

ಗೌಡರಿಗೆ ಫೋನು ಮಾಡಿ, ಇರ್ಲಿ ತೆಗೆಯಬೇಕು ಸರ್ ಎಂದೆ. ಅವರು ಜಗ್ಗಲಿಲ್ಲ. “ನೆನ್ನೆ ಯಾವ ಬಸ್ಸು ಎಷ್ಟೊತ್ಗೋಯ್ತು ಅಂತ ಯಾರಾರ ಕೇಳುದ್ರೆ? ಇರ್ಲಿ ಬುಡಮ್ಮ. ನಾನೇ ಬತ್ತೀನಿ ಇರು” ಎಂದರು.

ಬಂದರು, ಆದರೆ ಮುಖ ಕೆಂಡವಾಗಿತ್ತು. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಕುರ್ಚಿಯ ಮೇಲೆ ಕುಸಿದು ಕೂತರು.

“ಏನಾಯ್ತು ಸರ್?”

“ಏನಾಗದು. ಮಂಡ್ಯದಿಂದ ಇಲ್ಲೀಗಂಟ ನಿಂತ್ಕಂಡೇ ಬಂದಿವ್ನಿ. ಕಣ್ಮುಂದೆ ಸೀಟು ಖಾಲಿ. ಯಾವನೋ ಕಿಟ್ಕೀಲಿ ಟವಲ್ ಎಸ್ದು ಸೀಟು ಇಡ್ದವ್ನೆ. ಆಸಾಮಿ ಬಸ್ಸೇ ಅತ್ಲಿಲ್ಲ. ಕಂಡಕ್ಟರ್ನ ಕೇಳುದ್ರೆ, ಟವಲ್ ಐತಲ್ಲ ಸಾ, ನಾ ಎಂಗ್ ಎತ್ಲಿ ಅಂತಾನೆ.”

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟವಲ್ ಬಿದ್ದ ಸೀಟು ಟವಲ್ ಎಸೆದವನದೇ. ಆತ ಇದ್ದಾನೋ ಇಲ್ಲವೋ, ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಆ ಟವಲ್ಲನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ.

“ಸರ್, ಆ ಕಂಡಕ್ಟರೇ ನಮ್ಮ ಗುಡಿಸೋಳು. ಆ ಟವಲ್ಲೇ ನಿಮ್ಮ ಇರ್ಲಿ” ಎಂದೆ.

ಗೌಡರು ನನ್ನನ್ನು ನುಂಗುವಂತೆ ನೋಡಿದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿ, ಹೊರಟುಹೋದ ಬಸ್ಸುಗಳು ಜಾಗ ಹಿಡಿದು ಕೂತಿರುವುದನ್ನೂ, ಬರುವ ಬಸ್ಸಿಗೆ ಜಾಗವಿಲ್ಲದಿರುವುದನ್ನೂ ತೋರಿಸಿದೆ. ಅವರು ಮೀನು ನೋಡುವ ಕೊಕ್ಕರೆಯ ಹಾಗೆ ಅದನ್ನೇ ನೋಡಿದರು. ತಾವೇ ನಿಂತು ಬಂದ ಕಾಲನ್ನು ಒಮ್ಮೆ ನೀವಿಕೊಂಡರು.

“ಯಾರಾರ ಕೇಳುದ್ರೆ ಏನ್ ಏಳದು?” ಎಂದರು, ದನಿ ತಗ್ಗಿತ್ತು.

“ಹೆಸರು, ಹೊರಟ ಹೊತ್ತು, ಇಷ್ಟನ್ನು ನಮ್ಮ ಸರ್ವರಿನಲ್ಲಿ ಬರೆದಿಟ್ಟರೆ ಸಾಕು ಸರ್. ನೆಂಟರು ಬಂದು ಹೋದದ್ದು ನೆನಪಿಟ್ಟುಕೊಳ್ಳೋಕೆ ಅವರನ್ನ ಮನೆಯಲ್ಲೇ ಕೂರಿಸ್ಕೋಬೇಕಾ?”

“ತಗ್ದಾಕು ಅತ್ಲಾಗೆ” ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನಾಗರತ್ನ ಇನ್ನೊಂದು ಕಾಫಿ ತರಿಸಿದಳು.

ಇರ್ಲಿ ತೆಗೆದ ಮೇಲೂ ಗೆರೆ ಸಂಪೂರ್ಣ ಇಳಿಯಲಿಲ್ಲ. ಇನ್ನೊಂದು ಟವಲ್ ಎಲ್ಲೋ ಇತ್ತು. ಮಂಡ್ಯದಲ್ಲಿ ಕೂತು ಹುಡುಕಿದ ಮಹೇಶನಿಗೆ ಅದು ಸಿಕ್ಕಿತು. ಬಸ್ಸು ಹೊರಡುವ ಮುನ್ನ ಅದರ ಹೆಸರು ಮಿನುಗಲಿ ಎಂದು ಪ್ರತಿ ಸಾಲಿಗೂ ಒಂದು ಟೈಮರ್ ಕಟ್ಟಿದ್ದೆವು. ಸಾಲು ಪರದೆಯಿಂದ ಹೋದರೂ ಟೈಮರ್ ನಿಂತಿರಲಿಲ್ಲ, ಇಲ್ಲದ ಸಾಲನ್ನು ಹಿಡಿದುಕೊಂಡು ಮಿನುಗಿಸುತ್ತಲೇ ಇತ್ತು. ಸಾಲು ತೆಗೆಯುವಾಗ ಟೈಮರನ್ನೂ ನಿಲ್ಲಿಸಿದೆವು. ಗೆರೆ ಮಟ್ಟಸವಾಯಿತು. ಈಗಿನವರಿಗೆ ಕೋಡಿನಲ್ಲೇ ಹಿಡಿದೂ ಹಿಡಿಯದ ಹಾಗಿರುವ ಸಡಿಲ ಹಿಡಿತಗಳೂ ಬಂದಿವೆ, ಗುಡಿಸೋಳು ಬಂದರೆ ತಾವಾಗಿ ಬಿಟ್ಟುಕೊಡುತ್ತವೆ. ಬಳಸಿಕೊಳ್ಳಿ. ಆದರೆ ಕಟ್ಟಿದವರೇ ಬಿಚ್ಚಬೇಕು ಎಂಬ ಅಭ್ಯಾಸವಿದ್ದರೆ ಅವುಗಳ ಅವಶ್ಯಕತೆ ಅಷ್ಟಾಗಿ ಬೀಳುವುದಿಲ್ಲ.

ಸಂತೆಯ ದಿನ ನಾನೊಬ್ಬಳೇ ಹೋದೆ. ಅಧ್ಯಕ್ಷರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪರದೆಯನ್ನು ನೋಡುವ ಬದಲು ನಾಗರತ್ನನ ಕೈಗಳನ್ನು ನೋಡುತ್ತಾ ಕೂತರು. ಸೊಪ್ಪಿನ ಮಂಕರಿ, ಕೋಳಿ, ಹಗ್ಗದ ಸುರುಳಿ, ಎಲ್ಲ ಹೊತ್ತುಕೊಂಡು ಜನ ಇಳಿದರು, ಹತ್ತಿದರು. ಬೋರೇಗೌಡರು ಆಗಾಗ ಫೋನು ಮಾಡಿ, “ಉಸುರಾಡ್ತಾ ಐತೇನಮ್ಮ?” ಎಂದು ಕೇಳುತ್ತಿದ್ದರು. ಆಡುತ್ತಿತ್ತು. ಊಟದ ಹೊತ್ತಾಯಿತು. ನಾಗರತ್ನ ಡಬ್ಬಿ ಬಿಚ್ಚಲೊಲ್ಲಳು. ನಾನೇ ಬಿಚ್ಚಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಂದಿಟ್ಟೆ. ಅವಳು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಧ್ಯಕ್ಷರಿಗೆ ಕಾಣುವಂತೆ ಬಲಗೈಯಲ್ಲಿ ಮಾತ್ರ ಉಂಡಳು. ಪರದೆಯ ಮೇಲೆ ಬಸ್ಸುಗಳು ಬರುತ್ತಲೇ ಇದ್ದವು, ಹೋಗುತ್ತಲೇ ಇದ್ದವು. ಹೋದವು ನಿಜವಾಗಿಯೂ ಹೋಗುತ್ತಿದ್ದವು. ಸಂತೋಷಕ್ಕೆ ನನಗೆ ಕುಣಿಯಬೇಕೆನಿಸಿತು, ಮಂಡಿ ಒಪ್ಪಲಿಲ್ಲ.

ಹೊತ್ತು ಇಳಿದು, ಹಲಗೂರಿನ ಕಡೇ ಬಸ್ಸು ಹೊರಟಿತು. ಪರದೆ ಬೆಳಗ್ಗೆ ಇದ್ದಷ್ಟೇ ಚುರುಕಾಗಿತ್ತು. ಅಧ್ಯಕ್ಷರು ಎದ್ದು ಪಂಚೆ ಕೊಡವಿಕೊಂಡರು.

“ಇವತ್ತೇನೋ ನಿಂತ್ಕಳ್ನಿಲ್ಲ, ಸರಿ. ಆದ್ರೂ ರೆಕಾರ್ಡಾದ್ರೆ ಊಟಕ್ಕೋಗಕ್ಕಿಲ್ಲ, ರಜ ಕೇಳಕ್ಕಿಲ್ಲ. ಯೋಚ್ನೆ ಮಾಡ್ಬೇಕು ಕಣಮ್ಮ” ಎಂದರು.

ನಾಗರತ್ನನ ಮುಖ ಬಾಡಿಹೋಯಿತು. ನನಗೆ ರೇಗಿತು. ಕೆಟ್ಟದ್ದು ಪೇಜು, ರಿಪೇರಿ ಆಗಿದ್ದು ಪೇಜು, ಇವಳನ್ನು ಯಾಕೆ ಕಳಿಸ್ತೀರಿ ಎಂದು ಅವರ ಜೊತೆ ವಾದಕ್ಕೇ ನಿಂತೆ. ಅವರು ಒಂದು ಹೇಳಿದರು, ನಾನು ಎರಡು ಹೇಳಿದೆ. ಆ ಗದ್ದಲದಲ್ಲಿ ನನ್ನ ಮಂಡ್ಯದ ಬಸ್ಸು ಹಾರ್ನ್ ಹೊಡೆದು ಗೇಟಿನ ಕಡೆ ಹೊರಳಿದ್ದನ್ನು ನೋಡಲೇ ಇಲ್ಲ. ನೋಡಿದಾಗ ಅದರ ಬೆನ್ನು ಕಾಣುತ್ತಿತ್ತು. ಅದಾದ ಮೇಲೆ ಅವತ್ತು ಬೇರೆ ಬಸ್ಸಿರಲಿಲ್ಲ.

ನಾಗರತ್ನ ಮೈಕು ಎತ್ತಿಕೊಂಡಳು. ಪ್ರಯಾಣಿಕರು ದಯವಿಟ್ಟು ಎಂಬುದೆಲ್ಲ ಎಲ್ಲಿ ಹೋಯಿತೋ.

“ಮಂಡ್ಯ ಬಸ್ಸು, ಡ್ರೈವರಣ್ಣ, ನಿಲ್ಸಣ್ಣೋ. ನಮ್ಮಕ್ಕ ಇಲ್ಲೇ ಉಳ್ಕಂಡವ್ರೆ. ಗೇಟ್ತಾವ ಇರೋರು ಒಸಿ ದಾರಿ ಬುಡ್ರಪ್ಪ, ಅಕ್ಕಂಗೆ ಮಂಡಿ ನೋವು, ಓಡಕ್ಕಾಗಕ್ಕಿಲ್ಲ.”

ನನ್ನ ಮಂಡಿಯ ಸುದ್ದಿ ಇಡೀ ಮಳವಳ್ಳಿಗೆ ಕೇಳಿಸಿತು. ಬಸ್ಸು ಗೇಟಿನಲ್ಲೇ ನಿಂತಿತು. ಸಂತೆಯ ಜನ ಮಂಕರಿ, ಕೋಳಿ ಎಲ್ಲವನ್ನೂ ಸರಿಸಿಕೊಂಡು ಎರಡೂ ಕಡೆ ದಾರಿ ಬಿಟ್ಟರು. ನಾನು ನಾಚಿಕೆಯಿಂದ ತಲೆ ತಗ್ಗಿಸಿ, ನಗುತ್ತಾ ಕುಂಟುತ್ತಾ ನಡೆದೆ. ಯಾರೋ ನನ್ನ ಬ್ಯಾಗನ್ನು ಕೈಯಿಂದ ತೆಗೆದುಕೊಂಡರು. ತಿರುಗಿ ನೋಡಿದರೆ ಅಧ್ಯಕ್ಷರು.

ಅವರು ಬಸ್ಸಿನ ಮೆಟ್ಟಿಲತನಕ ಬಂದರು. ಬ್ಯಾಗನ್ನು ಒಳಗಿಟ್ಟು, ನನ್ನ ಮುಖ ನೋಡದೆ ಬಸ್ಸಿನ ಮೈಯನ್ನು ಅಂಗೈಯಿಂದ ತಟ್ಟುತ್ತಾ, “ರೆಕಾರ್ಡ್ನೋನ್ಗೆ ಬ್ಯಾಡ ಅಂತ ಏಳ್ಬುಡ್ತೀನಿ ಬುಡಿ” ಎಂದರು.

ಬಸ್ಸು ಹೊರಟಿತು. ಕಿಟಕಿಯಿಂದ ನಾಗರತ್ನನಿಗೆ ಕೈ ಬೀಸಿ ಇದನ್ನು ಹೇಗೆ ತಿಳಿಸಲಿ ಎಂದು ನಾನು ಒದ್ದಾಡುತ್ತಿದ್ದರೆ, ಅಧ್ಯಕ್ಷರು ಅವಳ ಕಿಟಕಿಯ ಹತ್ತಿರ ಹೋಗಿ ಏನೋ ಹೇಳುವುದು ಕಾಣಿಸಿತು. ನಾವು ರಸ್ತೆಗೆ ತಿರುಗುವಾಗ ಹಿಂದಿನಿಂದ ಆ ದನಿ ಬಂತು.

“ನಾಳೆ ಒತ್ತಾರೆ ಮೊದುಲ್ನೇ ಬಸ್ಗೋಗೋರು ಬೇಗ ಬನ್ರಪ್ಪ. ಕೂಗಕ್ಕೆ ನಾನಿರ್ತೀನಿ.”